ಆಕರಕೋಶದಿಂದ ಲಿಂಗಾಣು: ಇಲಿಯಿಂದ ಮನುಷ್ಯನವರೆಗಿನ ದೂರ

ಪ್ರನಾಳ ಶಿಶು ವಿಧಾನವು 1978ರಿಂದ ಅಸಂಖ್ಯ ದಂಪತಿಗಳಿಗೆ ನೆರವಾಗಿದೆ. ಆದರೆ ಅದಕ್ಕೆ ಅಂಡಾಣುವೂ ವೀರ್ಯಾಣುವೂ ಮೊದಲೇ ದೊರೆಯಬೇಕು. ಕ್ಯಾನ್ಸರ್ ಚಿಕಿತ್ಸೆಯಿಂದ ಅಂಡಾಶಯದ ಶಕ್ತಿ ಕುಂದಿದ, ಅಂಡಾಣುವನ್ನು ಮುಂಚಿತವಾಗಿ ಶೈತ್ಯದಲ್ಲಿ ಕಾಪಿಡದ ತರುಣಿಗೆ ಉಳಿಯುವುದು ದಾನಿಯ ಅಂಡಾಣು ಅಥವಾ ದತ್ತು ಸ್ವೀಕಾರ. ಆಕೆಯ ಚರ್ಮದ ಕೋಶದಿಂದಲೇ ಅಂಡಾಣುವನ್ನು ರೂಪಿಸಲು ಸಾಧ್ಯವೇ?

ಈ ಪ್ರಶ್ನೆಗೆ ನೆಲೆ ಒದಗಿದ್ದು ಜಪಾನಿನಲ್ಲಿ. 2006ರಲ್ಲಿ ಶಿನ್ಯಾ ಯಮನಾಕಾ ಅವರು ಇಲಿಯ ಚರ್ಮದ ಕೋಶಗಳನ್ನು ಆಕರಕೋಶದ ಸ್ಥಿತಿಗೆ ಮರಳಿಸಿದರು. ಕ್ಯೋಟೊ ವಿಶ್ವವಿದ್ಯಾಲಯದ ಮಿಚಿನೋರಿ ಸೈತೊ ಮತ್ತು ಕತ್ಸುಹಿಕೊ ಹಯಾಶಿ ಅವರ ತಂಡವು ಇಲಿಯ ಆಕರಕೋಶಗಳಿಂದ 2011ರಲ್ಲಿ ವೀರ್ಯಾಣುವನ್ನೂ 2012ರಲ್ಲಿ ಅಂಡಾಣುವನ್ನೂ ಪಡೆದು ಮರಿಗಳನ್ನು ಹುಟ್ಟಿಸಿತು. ಆಗ ಬೆಳವಣಿಗೆಯ ಕೊನೆಯ ಘಟ್ಟಕ್ಕೆ ಜೀವಂತ ಇಲಿಯ ದೇಹವೇ ಬೇಕಾಗಿತ್ತು. 2016ರ ಹೊತ್ತಿಗೆ ಅಂಡಾಣುವಿನ ಸಂಪೂರ್ಣ ಬೆಳವಣಿಗೆ ಗಾಜಿನ ತಟ್ಟೆಯಲ್ಲೇ ನೆರವೇರಿತು. 2023ರಲ್ಲಿ ಹಯಾಶಿ ಅವರು ಗಂಡು ಇಲಿಯ ಕೋಶದಿಂದಲೂ ಅಂಡಾಣುವನ್ನು ಪಡೆದರು. 630 ಭ್ರೂಣಗಳನ್ನು ಗರ್ಭಕ್ಕೆ ಸೇರಿಸಿದಾಗ ಹುಟ್ಟಿದವು 7 ಮರಿಗಳು. ಪ್ರಚಾರ ದೊರೆತದ್ದು ಮರಿಗಳಿಗೆ. ನಾವು ಗಮನಿಸಬೇಕಾದದ್ದು 630ನ್ನು.

ನಷ್ಟ ಇಷ್ಟೇಕೆ? ಲಿಂಗಾಣುವಾಗಲು ಕೋಶವು ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಬೇಕು. ಅದಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದಿದೆ. ಕೆಲವು ಜೀನ್‌ಗಳ ಮೇಲೆ, ಅವು ತಾಯಿಯಿಂದ ಬಂದವೋ ತಂದೆಯಿಂದ ಬಂದವೋ ಎಂಬುದನ್ನು ಸೂಚಿಸುವ ರಾಸಾಯನಿಕ ಮುದ್ರೆಗಳಿರುತ್ತವೆ. ಅಂಡಾಣು ಸಿದ್ಧವಾಗುವಾಗ ಹಳೆಯ ಮುದ್ರೆಗಳೆಲ್ಲ ಅಳಿದು, ತಾಯಿಯ ಮುದ್ರೆ ಹೊಸದಾಗಿ ಮೂಡಬೇಕು. ಅಲ್ಲಿ ತಪ್ಪಿದರೆ ಭ್ರೂಣದ ಬೆಳವಣಿಗೆ ಕೆಡುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ಅಂಡಾಣು ದೋಷರಹಿತವಾಗಿಯೇ ಕಾಣಬಹುದು.

ಮನುಷ್ಯನಲ್ಲಿ ಕಾಲವೂ ತೊಡಕಾಗುತ್ತದೆ. ಹೆಣ್ಣುಮಗುವಿನ ಅಂಡಕೋಶಗಳು ತಾಯಿಯ ಗರ್ಭದಲ್ಲಿದ್ದಾಗಲೇ ಈ ವಿಭಜನೆಯನ್ನು ಆರಂಭಿಸಿ, ನಡುವೆ ನಿಂತು, ವರ್ಷಗಟ್ಟಲೆ ಕಾಯುತ್ತವೆ. 2018ರಲ್ಲಿ ಸೈತೊ ತಂಡವು ಮಾನವ ಆಕರಕೋಶಗಳನ್ನು ಇಲಿಭ್ರೂಣದ ಅಂಡಾಶಯದ ಕೋಶಗಳೊಡನೆ ಸುಮಾರು 4 ತಿಂಗಳು ಬೆಳೆಸಿತು. ದೊರೆತದ್ದು ಅಂಡಾಣುವಲ್ಲ, ಅದರ ಪೂರ್ವರೂಪ. 2024ರಲ್ಲಿ ಹಳೆಯ ಮುದ್ರೆಗಳನ್ನು ಅಳಿಸುವ ಹಂತ ಮಾನವಕೋಶಗಳಲ್ಲೂ ಕೈಗೂಡಿತು. ಹೊಸ ಮುದ್ರೆಯ ಹಂತ ಬಾಕಿಯಿದೆ. ಫಲೀಕರಣಕ್ಕೆ ಸಿದ್ಧವಾದ ಮಾನವ ಅಂಡಾಣು ಈ ಮಾರ್ಗದಿಂದ ಇನ್ನೂ ದೊರೆತಿಲ್ಲ.

ದೊರೆತರೂ ಅದರ ಪರೀಕ್ಷೆ ಹೇಗೆ? ಇಲಿಯಲ್ಲಾದರೆ ಮರಿಗಳನ್ನೂ ಮರಿಗಳ ಮರಿಗಳನ್ನೂ ಕೆಲವು ತಿಂಗಳಲ್ಲೇ ನೋಡಿ ನಿರ್ಣಯಿಸಬಹುದು. ಮನುಷ್ಯನಲ್ಲಿ ಆ ಪರೀಕ್ಷೆಗೆ ಒಳಗಾಗುವುದು ಮಗು. ಕೋತಿಯ ಕೋಶಗಳ ಮೇಲೆ ನಡೆಯುತ್ತಿರುವ ನಿಧಾನದ ಪ್ರಯೋಗಗಳಿಗೆ ಮಹತ್ವ ಬಂದಿರುವುದು ಈ ಕಾರಣದಿಂದಲೇ.