ಕೆಂಪು 'ಎಲ್' ಅಕ್ಷರವೂ ಬಾಡಿಗೆಯ ಕಾರೂ

ನಮ್ಮ ಬಾಲ್ಯದಲ್ಲಿ ಬಾಡಿಗೆಯ ಕಾರೆಂದರೆ ಅದರೊಡನೆ ಚಾಲಕರೂ ಬರುವರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಪೇಟೆಯ ಸ್ಟಾಂಡಿನಲ್ಲಿ ಮರದ ನೆರಳನ್ನು ಆಶ್ರಯಿಸಿ ಮೂರೋ ನಾಲ್ಕೋ ಅಂಬಾಸಿಡರ್ ಕಾರುಗಳು ನಿಂತಿರುತ್ತಿದ್ದವು. ಮದುವೆಯ ದಿಬ್ಬಣಕ್ಕೂ ಅವೇ, ಬಾಣಂತಿಯನ್ನು ತವರಿಗೆ ಕರೆತರಲೂ ಅವೇ, ಅಪರಾತ್ರಿಯಲ್ಲಿ ಮಂಗಳೂರಿನ ಆಸ್ಪತ್ರೆಗೆ ಓಡಲೂ ಅವೇ. ಯಾವ ಮನೆಯ ಅಂಗಳದಲ್ಲಿ ಅಡಿಕೆ ಒಣಹಾಕಿದ್ದಾರೆ, ಯಾವ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಚಕ್ರ ಹೂತುಹೋಗುತ್ತದೆ ಎಂಬುದೆಲ್ಲ ಆ ಚಾಲಕರಿಗೆ ಕರತಲಾಮಲಕ. ಸ್ಟಿಯರಿಂಗಿನ ಬದಿಯಲ್ಲಿದ್ದ ಗೇರಿನ ಕೋಲನ್ನು ಅವರು ಒಂದೇ ಕೈಯಲ್ಲಿ ಎಳೆದು ನೂಕುವುದನ್ನು ನಾವು ಹಿಂದಿನ ಆಸನದಿಂದ ಕಣ್ಣರಳಿಸಿ ನೋಡುತ್ತಿದ್ದೆವು. ಆ ಆಸನದಲ್ಲಿ ನಾವೂ ಒಂದು ದಿನ ಕುಳಿತೇವೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆದರೆ ಕಾಲವು ಯಾರನ್ನು ಎಲ್ಲಿ ಕೂರಿಸುತ್ತದೆಂದು ಹೇಳಬಲ್ಲವರಾರು? ಐವತ್ತು ವರ್ಷ ದಾಟಿದ ಬಳಿಕ ನಾವು ಕಾರು ಕಲಿಯಬೇಕಾಯಿತು. ಅದಕ್ಕೆ ಕಾರಣ ನಮ್ಮ ಅಮ್ಮ. ಅವರ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಬಾರಿ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕೆಂದು ವೈದ್ಯರು ತಿಳಿಸಿದರು. ಕಾಸರಗೋಡಿನ ಉತ್ತರ ಭಾಗದ ನಮ್ಮಂಥವರಿಗೆ ದೊಡ್ಡ ಆಸ್ಪತ್ರೆಯೆಂದರೆ ಗಡಿಯಾಚೆಯ ಮಂಗಳೂರೇ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿಯನ್ನು ಮುಚ್ಚಿದಾಗ ರೋಗಿಗಳ ವಾಹನಗಳು ದಾಟಲಾರದೆ ನಿಂತುದನ್ನೂ, ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದುದನ್ನೂ ಓದುಗರು ಮರೆತಿರಲಾರರು. ಗಡಿ ತೆರೆದಿದ್ದರೂ ವಾರಕ್ಕೆ ಮೂರು ಸಲ ಬಾಡಿಗೆ ಕಾರಿನ ವೆಚ್ಚವನ್ನು ತಾಳಿಕೊಳ್ಳುವುದು ಸಾಮಾನ್ಯ ಸಂಸಾರಕ್ಕೆ ಸುಲಭವಲ್ಲ. ಬಸ್ಸಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಬರುವಷ್ಟು ಬಲ ಅವರ ದೇಹದಲ್ಲಿ ಉಳಿದಿರಲಿಲ್ಲ.

ಹೀಗೆ ನಾವು ರಸ್ತೆಯ ಚಿಹ್ನೆಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಎಲ್ಲರೂ 'ಲರ್ನರ್ಸ್' ಎಂದು ಕರೆಯುವ ಕಲಿಕೆಯ ಲೈಸೆನ್ಸನ್ನು ಪಡೆದೆವು. ಆರು ತಿಂಗಳ ಆಯುಸ್ಸಿನ ಆ ಕಾಗದವನ್ನು ಕಂಡು ನಮ್ಮ ಅಕ್ಕನ ಗಂಡ, "ಭಾವ, ಇನ್ನು ಊರಿನ ಕೋಳಿ ನಾಯಿಗಳು ಜಾಗ್ರತೆ" ಎಂದು ನಕ್ಕರು.

ಬಾಡಿಗೆಗೆ ಕಾರನ್ನು ಹುಡುಕಿದ ಕಥೆ

ಡ್ರೈವಿಂಗ್ ಶಾಲೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಪಾಠ. ಒಂದೇ ಕಾರು, ಸಾಲಿನಲ್ಲಿ ನಾಲ್ಕಾರು ಮಂದಿ ವಿದ್ಯಾರ್ಥಿಗಳು. ನಮ್ಮ ಹೊರತು ಉಳಿದವರೆಲ್ಲ ಕಾಲೇಜಿನ ಹುಡುಗ ಹುಡುಗಿಯರು. ಅವರು ಎರಡು ದಿನಗಳಲ್ಲಿ ಕಲಿತುದನ್ನು ಕಲಿಯಲು ನಮಗೆ ಎಂಟು ದಿನ ಹಿಡಿಯಿತು. ಮನೆಯಲ್ಲಿ ಸ್ವಂತ ಕಾರಿಲ್ಲ. ಒಂದು ಕಾರನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು, ಭಾವನನ್ನು ಬದಿಯಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಹೀಗೆ.

ಮೊದಲು ಮಂಗಳೂರಿನ ಒಂದು ಸಂಸ್ಥೆಗೆ ಹೋದೆವು. ಅಲ್ಲಿಯ ತರುಣ ನಮ್ಮ ಲೈಸೆನ್ಸನ್ನು ತಿರುಗಿಸಿ ನೋಡಿ, "ಲರ್ನರ್ಸ್‌ನವರಿಗೆ ಕೊಡಲಿಕ್ಕೆ ಆಗುವುದಿಲ್ಲ ಸರ್. ಪಕ್ಕಾ ಲೈಸೆನ್ಸ್ ಆದ ಮೇಲೆ ಬನ್ನಿ" ಎಂದು ವಿನಯದಿಂದಲೇ ಹಿಂದಿರುಗಿಸಿದ. ಆಗ ನಮಗೆ ಅದು ಅವಮಾನವೆಂದು ತೋರಿತು. ಅವನು ನಮಗೆ ಮಾಡಿದ್ದು ಉಪಕಾರವೆಂದು ತಿಳಿಯಲು ಇನ್ನೂ ಎರಡು ವಾರ ಬೇಕಾಯಿತು.

ಏಕೆಂದರೆ ಅಷ್ಟರಲ್ಲಿ ಪರಿಚಯದವರೊಬ್ಬರು ಸುಲಭದ ದಾರಿಯನ್ನು ತೋರಿಸಿದರು. ಅವರ ನೆಂಟರ ಕಾರೊಂದು ಮನೆಯಲ್ಲಿ ಸುಮ್ಮನೆ ನಿಂತಿದೆಯಂತೆ. ದಿನಕ್ಕಿಷ್ಟು ಎಂದು ಕೊಟ್ಟರಾಯಿತು, ಕಾಗದಪತ್ರದ ಉಪದ್ರವವಿಲ್ಲ. ಬಿಳಿಯ ಫಲಕದಲ್ಲಿ ಕಪ್ಪು ಅಕ್ಷರಗಳ ಕೆಎಲ್ 14 ಸಂಖ್ಯೆಯ ಕಾರು ನಮ್ಮ ಅಂಗಳಕ್ಕೆ ಬಂತು. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಅಕ್ಷರವನ್ನು ಬರೆದು ಹಿಂದೆ ಮುಂದೆ ಅಂಟಿಸಿದೆವು. ಊರಿನ ಶಾಲೆಯ ಬಯಲಿನಲ್ಲಿ ನಾಲ್ಕು ದಿನ ಸುತ್ತು ಹಾಕಿದೆವು. ಐದನೆಯ ದಿನ ಅಹಂಕಾರವು ಗೇರನ್ನು ಬದಲಾಯಿಸಿತು.

ಏರಿನಲ್ಲಿ ನಡೆದುದು

ಅಂದು ಅಮ್ಮನ ಡಯಾಲಿಸಿಸ್ ದಿನ. ನಿತ್ಯವೂ ಬರುವ ಬಾಡಿಗೆ ಕಾರಿನ ಚಾಲಕರಿಗೆ ಜ್ವರ. ಭಾವ ಲೈಸೆನ್ಸುಳ್ಳವರು, ಕಾರು ಅಂಗಳದಲ್ಲಿಯೇ ಇದೆ. ಭಾವನೇ ಓಡಿಸಬಹುದಿತ್ತು. "ಹೆದ್ದಾರಿಯವರೆಗೆ ನಾನೇ ಬಿಡುತ್ತೇನೆ, ಆಮೇಲೆ ನೀವು" ಎಂದು ಹಟ ಹಿಡಿದವರು ನಾವೇ.

ನಮ್ಮ ಊರಿನ ಒಳರಸ್ತೆಯು ಆರು ಪಥಗಳಾಗಿ ಅಗಲಗೊಂಡಿರುವ ಹೆದ್ದಾರಿಯ ಬದಿಯ ರಸ್ತೆಯನ್ನು ಸೇರುವಲ್ಲಿ ಒಂದು ಕಡಿದಾದ ಏರಿದೆ. ಏರಿನ ತುದಿಯಲ್ಲಿ ಲಾರಿಯೊಂದು ಅಡ್ಡ ಬಂದುದರಿಂದ ನಿಲ್ಲಿಸಿದೆವು. ಮತ್ತೆ ಹೊರಡಲು ಹೋದಾಗ ಎಂಜಿನು ಒಮ್ಮೆ ನಡುಗಿ ನಿಂತುಹೋಯಿತು. ಪುನಃ ಚಾಲೂ ಮಾಡುವ ಆತುರದಲ್ಲಿ ಬ್ರೇಕಿನ ಮೇಲಿದ್ದ ಕಾಲು ಜಾರಿತು. ಕಾರು ಹಿಂದಕ್ಕೆ ಉರುಳತೊಡಗಿತು. ಕನ್ನಡಿಯಲ್ಲಿ ನೋಡಿದರೆ ಬೆನ್ನ ಹಿಂದೆಯೇ ಒಂದು ಆಟೋ ರಿಕ್ಷಾ. ಅದರ ತುಂಬ ನೀಲಿ ಸಮವಸ್ತ್ರದ ಮಕ್ಕಳು, ಹೊರಗೆ ನೇತಾಡುತ್ತಿದ್ದ ಚೀಲಗಳು. ಹಾರನ್ನಿನ ಕಿರುಚಾಟಕ್ಕೆ ನಮ್ಮ ಕೈಕಾಲುಗಳು ಮರಗಟ್ಟಿದುವು. ಯಾವ ಕಾಲು ಯಾವ ಪೆಡಲಿಗೆ ಎಂಬುದೇ ಮರೆತುಹೋಯಿತು.

ಭಾವ ಮಾತಾಡಲಿಲ್ಲ. ಬಲಗೈ ಚಾಚಿ ಹ್ಯಾಂಡ್ ಬ್ರೇಕನ್ನು ಎತ್ತಿ ಎಳೆದರು. ಕಾರು ನಿಂತಿತು. ರಿಕ್ಷಾಕ್ಕೂ ನಮಗೂ ನಡುವೆ ಉಳಿದಿದ್ದುದು ಒಂದು ಮೊಳದಷ್ಟು ಜಾಗ.

ನಾವು ಇಳಿದು ಆಸನ ಬದಲಾಯಿಸಿದೆವು. ಆಟೋದವರು ಏನೋ ಬೈದರು, ಅದು ನ್ಯಾಯವೇ ಆಗಿತ್ತು. ಮಂಗಳೂರಿನವರೆಗೆ ಕಾರಿನೊಳಗೆ ಯಾರೂ ಉಸಿರೆತ್ತಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಗೆ ಕಾಯುತ್ತಿರುವಾಗ ಅಮ್ಮ ಮೆಲ್ಲಗೆ, "ಮಗಾ, ನೀನು ಕಲಿ. ಬೇಡವೆನ್ನುವುದಿಲ್ಲ. ಆದರೆ ನನ್ನನ್ನು ಕೂರಿಸಿಕೊಂಡು ಕಲಿಯಬೇಡ" ಎಂದರು. ಮರುದಿನ ಬೆಳಗ್ಗೆಯೇ ಕಾರನ್ನು ಅದರ ಮನೆಗೆ ಮುಟ್ಟಿಸಿದೆವು.

ವಕೀಲ ಮಿತ್ರರ ಪಾಠ

ಕೆಲವು ದಿನಗಳ ಬಳಿಕ ವಕೀಲ ಮಿತ್ರರೊಬ್ಬರಲ್ಲಿ ಈ ಸಂಗತಿಯನ್ನು ಹೇಳಿಕೊಂಡೆವು. ಅವರು ನಗಲಿಲ್ಲ. "ಮುಟ್ಟಿದ್ದರೆ ಎಂತ ಆಗುತ್ತಿತ್ತು ಗೊತ್ತುಂಟೋ?" ಎಂದು ಕೇಳಿ ಒಂದೊಂದಾಗಿ ಬಿಡಿಸಿ ಹೇಳಿದರು. ನಮ್ಮಂತೆ ಅರೆಬರೆ ತಿಳಿದವರು ಎಷ್ಟೋ ಮನೆಗಳಲ್ಲಿರಬಹುದಾದುದರಿಂದ ಅದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಶಾಸನ ಮತ್ತು 1989ರ ಕೇಂದ್ರ ನಿಯಮಗಳು. ಕಲಿಯುವವನು ಕಾರನ್ನು ರಸ್ತೆಗೆ ಇಳಿಸಬೇಕಾದರೆ ಪೂರ್ಣ ಲೈಸೆನ್ಸುಳ್ಳ ಒಬ್ಬರು ಬದಿಯಲ್ಲಿರಲೇಬೇಕು. ಅವರು ಸುಮ್ಮನೆ ಕುಳಿತರೆ ಸಾಲದು, ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವಂತೆ ಕುಳಿತಿರಬೇಕು. ನಮ್ಮ ಭಾವನ ಕೈ ಹ್ಯಾಂಡ್ ಬ್ರೇಕಿಗೆ ಎಟುಕಿದುದರ ಅರ್ಥವೇ ಇದು. ಹಿಂದಿನ ಆಸನದಲ್ಲಿ ಕುಳಿತು ಫೋನು ನೋಡುವ ಅಣ್ಣನನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಎಲ್' ಅಕ್ಷರಕ್ಕೂ ಅಳತೆಯುಂಟು. ಬಿಳಿಯ ಹಿನ್ನೆಲೆಯ ಫಲಕವು 18 ಸೆಂಟಿಮೀಟರ್ ಚೌಕಕ್ಕೆ ಕಡಿಮೆಯಾಗಬಾರದು. ಕೆಂಪು ಅಕ್ಷರವು ಕನಿಷ್ಠ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ, ಬುಡದಲ್ಲಿ 9 ಸೆಂಟಿಮೀಟರ್ ಅಗಲವಿರಬೇಕು. ಅದು ಹಿಂದೆಯೂ ಮುಂದೆಯೂ ಕಾಣಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ಸಂದೇಹವಿತ್ತು. ಕೇರಳದಲ್ಲಿ ಪಡೆದ ಕಲಿಕೆಯ ಲೈಸೆನ್ಸು ತಲಪಾಡಿಯನ್ನು ದಾಟಿದರೆ ನಡೆಯುತ್ತದೆಯೇ? ಧಾರಾಳವಾಗಿ ನಡೆಯುತ್ತದೆ. ಶಾಸನದ 13ನೆಯ ಕಲಮಿನ ಪ್ರಕಾರ ಅದು ಇಡೀ ಭಾರತಕ್ಕೆ ಸಲ್ಲುವಂಥದು. ಹೊಸೂರಿನ ಕಲಿಕೆಯವರು ಆನೇಕಲ್ಲಿಗೆ, ಅಕ್ಕಲಕೋಟೆಯವರು ಆಳಂದಕ್ಕೆ ಧೈರ್ಯವಾಗಿ ಹೋಗಬಹುದು.

ಹಾಗಾದರೆ ನಮ್ಮ ತಪ್ಪು ಎಲ್ಲಿ? ಫಲಕದ ಬಣ್ಣದಲ್ಲಿ. ಬಿಳಿಯ ಮೇಲೆ ಕಪ್ಪು ಅಕ್ಷರವೆಂದರೆ ಸ್ವಂತ ಉಪಯೋಗದ ವಾಹನ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆಯ ವಾಹನ. ಕಪ್ಪಿನ ಮೇಲೆ ಹಳದಿ ಅಕ್ಷರವಿದ್ದರೆ ಮಾತ್ರ ಬಾಡಿಗೆದಾರನೇ ಓಡಿಸಲೆಂದು ಕೊಡುವ ಕಾರು. ಗೋವೆಗೆ ಹೋದವರು ಬಾಡಿಗೆಯ ಬೈಕುಗಳ ಮೇಲೆ ಈ ಕಪ್ಪು ಫಲಕವನ್ನು ಕಂಡಿರಬಹುದು. ಇಂಥ ಕಾರುಗಳಿಗಾಗಿ ಕೇಂದ್ರ ಸರಕಾರವು 1989ರಲ್ಲಿ ಒಂದು ಯೋಜನೆಯನ್ನು ರೂಪಿಸಿತು. ಅದರಂತೆ ವ್ಯವಹಾರ ನಡೆಸುವವನಲ್ಲಿ ಕನಿಷ್ಠ 50 ಕಾರುಗಳಿರಬೇಕೆಂದು ವಿಧಿಸಿತ್ತು. ಮನೆಯ ಅಂಗಳದ ಒಂಟಿ ಕಾರನ್ನು ದಿನಕ್ಕಿಷ್ಟೆಂದು ಕೊಡುವುದಕ್ಕೆ ಅದರಲ್ಲಿ ಎಡೆಯಿಲ್ಲ. ಪರ್ಮಿಟ್ಟಿಲ್ಲದೆ ವಾಹನವನ್ನು ಬಾಡಿಗೆಗೆ ಬಳಸಿದರೆ, 2019ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಸೆರೆಯನ್ನೂ ವಿಧಿಸಬಹುದು.

ದಂಡಕ್ಕಿಂತಲೂ ಭಯಂಕರವಾದುದು ವಿಮೆಯ ಮಾತು. ಖಾಸಗಿ ಕಾರಿನ ವಿಮಾ ಪತ್ರದಲ್ಲಿ ಕಲಿಕೆಯವನು ಓಡಿಸುವುದಕ್ಕೆ ಅಡ್ಡಿಯಿಲ್ಲ. ಮೇಲೆ ಹೇಳಿದ ನಿಯಮಗಳನ್ನು ಪಾಲಿಸಿದ್ದರಾಯಿತು. ಕಲಿಕೆಯ ಲೈಸೆನ್ಸೂ ಲೈಸೆನ್ಸೇ ಎಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಅದೇ ಪತ್ರದಲ್ಲಿ 'ಬಾಡಿಗೆಗೆ ಬಳಸತಕ್ಕದ್ದಲ್ಲ' ಎಂಬ ಷರತ್ತೂ ಇರುತ್ತದೆ. ಆ ರಿಕ್ಷಾದ ಒಂದು ಮಗುವಿಗೆ ಏಟು ಬಿದ್ದಿದ್ದರೆ, ನಾವು ಕೊಟ್ಟ ದಿನಬಾಡಿಗೆಯ ಕಾರಣದಿಂದಲೇ ವಿಮಾ ಕಂಪೆನಿಯು ತಗಾದೆ ತೆಗೆಯಬಹುದಿತ್ತು. ಪರಿಹಾರದ ಭಾರವು ಕಾರಿನ ಯಜಮಾನರ ಮೇಲೂ ನಮ್ಮ ಮೇಲೂ ಬೀಳಬಹುದಿತ್ತು. ಅಮ್ಮನ ಚಿಕಿತ್ಸೆಗೆಂದು ಇಟ್ಟ ಹಣ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಕರಗುತ್ತಿತ್ತು. ಆ ಮಗುವಿನ ಕಾಲಿಗೆ ಯಾವ ಪರಿಹಾರವೂ ಸಾಟಿಯಾಗುತ್ತಿರಲಿಲ್ಲ ಎಂಬುದು ಬೇರೆಯೇ ಮಾತು.

ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರು ಇನ್ನೊಂದನ್ನು ನೆನಪಿಡಬೇಕು. ಲೈಸೆನ್ಸಿಲ್ಲದವನ ಕೈಗೆ ವಾಹನವನ್ನು ಕೊಟ್ಟ ಯಜಮಾನನಿಗೆ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ. ಓಡಿಸಿದವನು 18 ತುಂಬದ ಬಾಲಕನಾಗಿ ಅಪರಾಧವೆಸಗಿದರೆ ತಂದೆತಾಯಂದಿರಿಗೆ ಅಥವಾ ಯಜಮಾನನಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗಿನ ಸೆರೆಯೂ ಆಗಬಹುದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸು ಸಿಗಲಾರದು. ಮುದ್ದಿನ ಮಗನ ಹುಟ್ಟುಹಬ್ಬಕ್ಕೆಂದು ಕೀಲಿಕೈ ಕೊಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಮತ್ತೆ ಕಲಿತುದು

ನಾವು ಡ್ರೈವಿಂಗ್ ಶಾಲೆಗೇ ಮರಳಿದೆವು. ಅಲ್ಲಿಯ ಕಾರಿನಲ್ಲಿ ಗುರುವಿನ ಕಾಲ ಬಳಿಯಲ್ಲಿಯೂ ಕ್ಲಚ್ಚು ಬ್ರೇಕುಗಳಿರುತ್ತವೆ. ಶಾಲೆಯ ವಾಹನಕ್ಕೆ ಈ ಜೋಡಿ ಹತೋಟಿಯನ್ನು ನಿಯಮವೇ ಕಡ್ಡಾಯ ಮಾಡಿದೆ. ಕಾರಿನ ಪಾಠವು 21 ದಿನಗಳಿಗೆ ಕಡಿಮೆಯಾಗಬಾರದು, ನಿಜವಾಗಿ ಓಡಿಸುವ ಹೊತ್ತು 10 ಗಂಟೆಗಳಿಗೆ ಕಡಿಮೆಯಾಗಬಾರದು ಎಂದೂ ನಿಯಮವಿದೆ. ಹೆಚ್ಚಿನ ಶುಲ್ಕ ತೆತ್ತು ನಾವು ಅದರ ಎರಡರಷ್ಟು ಹೊತ್ತು ಕಲಿತೆವು. ಬಾಡಿಗೆ ಕಾರಿಗೆ ಕೊಟ್ಟುದಕ್ಕಿಂತ ಅದೇನೂ ಹೆಚ್ಚಾಗಲಿಲ್ಲ.

ಏರಿನ ಪಾಠವನ್ನು ಗುರುಗಳಲ್ಲಿ ಕೇಳಿಯೇ ಕಲಿತೆವು. ಏರಿನಲ್ಲಿ ನಿಂತೊಡನೆ ಹ್ಯಾಂಡ್ ಬ್ರೇಕನ್ನು ಎತ್ತಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿ ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ತುಸು ಒತ್ತಿಕೊಂಡು, ಕ್ಲಚ್ಚನ್ನು ಮೆಲ್ಲಮೆಲ್ಲನೆ ಬಿಡಬೇಕು. ಎಂಜಿನಿನ ಸ್ವರ ಬದಲಾಗಿ ಕಾರಿನ ಮೂತಿ ಸ್ವಲ್ಪ ಎದ್ದಂತೆ ಅನಿಸುವ ಒಂದು ಕ್ಷಣವುಂಟು. ಕಾರು ಹೊರಡಲು ಸಿದ್ಧವಾಯಿತೆಂಬುದಕ್ಕೆ ಅದೇ ಗುರುತು. ಆಗ ಹ್ಯಾಂಡ್ ಬ್ರೇಕನ್ನು ಇಳಿಸಿದರೆ ಕಾರು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಮುಂದೆ ಹೊರಡುತ್ತದೆ. ಇದನ್ನು ನೂರು ಸಲವಾದರೂ ಮಾಡಿದೆವು. ಹಿಂದಿನಿಂದ ಯಾರು ಎಷ್ಟೇ ಹಾರನ್ ಮಾಡಲಿ, ಅದು ಕೇಳಿಸದಂತೆ ಇರುವುದನ್ನೂ ಕಲಿತೆವು. ಎರಡನೆಯದೇ ಹೆಚ್ಚು ಕಷ್ಟವಾಗಿತ್ತು.

ಕಲಿಕೆಯ ಲೈಸೆನ್ಸು ಸಿಕ್ಕಿ 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ನಾವು ನಾಲ್ಕು ತಿಂಗಳು ಕಾದೆವು. ನೆಟ್ಟ ಕಂಬಗಳ ನಡುವೆ ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದಲ್ಲಿ ಕಾರನ್ನು ಮುಂದಕ್ಕೂ ಹಿಂದಕ್ಕೂ ನಡೆಸುವ ಕೇರಳದ ಪರೀಕ್ಷೆಯಲ್ಲಿ ಮೊದಲ ಸಲ ಕಂಬಕ್ಕೆ ತಾಗಿಸಿದೆವು. ನಮ್ಮ ಮಗಳ ಪ್ರಾಯದ ಹುಡುಗಿಯೊಬ್ಬಳು ಅದೇ ದಿನ ನಗುನಗುತ್ತ ತೇರ್ಗಡೆಯಾದಳು. ಎರಡನೆಯ ಸಲ ನಾವೂ ತೇರ್ಗಡೆಯಾದೆವು.

ಈಗ ಲೈಸೆನ್ಸು ಬಂದು ವರ್ಷ ಕಳೆಯಿತು. ಹಳೆಯದೊಂದು ಸಣ್ಣ ಕಾರು ಅಂಗಳದಲ್ಲಿದೆ. ಹಗಲಿನ ಡಯಾಲಿಸಿಸಿಗೆ ಅಮ್ಮನನ್ನು ನಾವೇ ಕರೆದೊಯ್ಯುತ್ತೇವೆ. ಮಳೆಯ ರಾತ್ರಿಯಲ್ಲಿ ಅವರ ಉಸಿರು ಸಿಕ್ಕಿಕೊಂಡರೆ ಮಾತ್ರ ಇಂದಿಗೂ ಸ್ಟಾಂಡಿನ ಚಾಲಕರನ್ನೇ ಕರೆಯುತ್ತೇವೆ. ಆಗ ನಮ್ಮ ಸ್ಥಾನ ಹಿಂದಿನ ಆಸನದಲ್ಲಿ, ಅಮ್ಮನ ಕೈ ಹಿಡಿದುಕೊಂಡು.

ಮೊನ್ನೆ ಆ ಏರಿನಲ್ಲಿ ಕೆಂಪು 'ಎಲ್' ಅಂಟಿಸಿದ ಕಾರೊಂದು ನಮ್ಮ ಮುಂದೆ ನಿಂತು ನಡುಗುತ್ತಿತ್ತು. ನಾವು ಹಾರನ್ ಮಾಡಲಿಲ್ಲ. ಎರಡು ಕಾರಿನಷ್ಟು ಜಾಗ ಬಿಟ್ಟು ಕಾದೆವು. ಅಮ್ಮ ಹಿಂದಿನಿಂದ, "ಪಾಪ, ಕಲಿಯಲಿ" ಎಂದರು.