ಐಸೊಮೆಟ್ರಿಕ್ ಪಾತ್ರಾಭಿನಯ ವಿಡಿಯೊ ಆಟಗಳು

ಐಸೊಮೆಟ್ರಿಕ್ ಪಾತ್ರಾಭಿನಯ ಆಟಗಳು ಎಂದರೆ ಕಥಾಲೋಕವನ್ನು ಮೇಲಿನಿಂದ ಓರೆಯಾಗಿ ಕಾಣುವಂತೆ ಚಿತ್ರಿಸಿ, ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಕಥೆಯನ್ನು ಮುನ್ನಡೆಸುವಂತೆ ರಚಿಸಿದ ಗಣಕಯಂತ್ರದ ಆಟಗಳು. ಫಾಲ್‌ಔಟ್ (1997), ಬಾಲ್ಡರ್ಸ್ ಗೇಟ್ (1998), ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999) ಹಾಗೂ ಆರ್ಕೇನಮ್ (2001) ಈ ಪ್ರಕಾರದ ಪ್ರಮುಖ ಕೃತಿಗಳಾಗಿವೆ. ಕಾಲು ಶತಮಾನ ಕಳೆದರೂ ಇವುಗಳಿಗೆ ಆಟಗಾರರಿದ್ದಾರೆ. ಹಳೆಯದರ ಮೇಲಿನ ಮೋಹವೊಂದೇ ಇದಕ್ಕೆ ಕಾರಣವೆನ್ನಲಾಗದು. ಮೂಲತಃ ಇವು ಓದುವ ಆಟಗಳು.

ನೋಟದ ಸ್ವರೂಪ

ಈ ನೋಟದಲ್ಲಿ ದೂರದ ವಸ್ತು ಚಿಕ್ಕದಾಗುವುದಿಲ್ಲ, ಸಮಾನಾಂತರ ರೇಖೆಗಳು ಎಲ್ಲಿಯೂ ಕೂಡುವುದಿಲ್ಲ. ರೇಖಾಗಣಿತದ ಪ್ರಕಾರ ಐಸೊಮೆಟ್ರಿಕ್ ಚಿತ್ರದ ಮೂರು ಅಕ್ಷಗಳು ಪರಸ್ಪರ 120 ಡಿಗ್ರಿ ಕೋನದಲ್ಲಿರಬೇಕು. ಆಟಗಳಲ್ಲಿ ಈ ನಿಯಮ ಸಾಮಾನ್ಯವಾಗಿ ಸಡಿಲಗೊಂಡಿದ್ದು, ಹೆಸರು ಮಾತ್ರ ಉಳಿದಿದೆ. ನಮ್ಮ ಕಣ್ಣಿಗೆ ಈ ಬಗೆ ಹೊಸದೇನಲ್ಲ. ದಖನಿ ಮತ್ತು ಮೊಘಲ್ ಕಿರುಚಿತ್ರಗಳಲ್ಲಿಯೂ ಅರಮನೆಯ ಅಂಗಳಗಳನ್ನು ಹೀಗೆಯೇ ಮೇಲಿನಿಂದ ಓರೆಯಾಗಿ ತೋರಿಸುವ ರೂಢಿಯಿತ್ತು.

ಇಂತಹ ಚಿತ್ರದಲ್ಲಿ ಪಾತ್ರಗಳು ಹೆಬ್ಬೆರಳಿನಷ್ಟೇ ಎತ್ತರವಿರುತ್ತವೆ, ಮುಖಭಾವ ಕಾಣದು. ಆದುದರಿಂದ ಅಳು, ಹುಸಿನಗೆ, ಗಾಯದ ಗುರುತು, ಕೋಣೆಯ ವಾಸನೆ ಇವೆಲ್ಲವನ್ನೂ ಗದ್ಯದಲ್ಲಿ ಬರೆದು ತಿಳಿಸುವುದು ಅನಿವಾರ್ಯವಾಯಿತು. ತಂತ್ರದ ಕೊರತೆಯು ಬರಹಗಾರನಿಗೆ ಸ್ಥಳ ಮಾಡಿಕೊಟ್ಟಿತು.

ಕಥೆ ಮತ್ತು ಸಂಭಾಷಣೆ

ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಆಟದ ನಾಯಕನು ತನ್ನ ಹೆಸರನ್ನೂ ಮರೆತು ಶವಾಗಾರದಲ್ಲಿ ಎಚ್ಚರಗೊಳ್ಳುತ್ತಾನೆ. ಅವನಿಗೆ ಸಾವಿಲ್ಲ, ಹಿಂದಿನ ಜೀವನಗಳಲ್ಲಿ ಅವನೇ ಮಾಡಿದ ಕೇಡು ಊರಿನ ಎಲ್ಲೆಡೆ ಎದುರಾಗುತ್ತದೆ. ಈ ಆಟದಲ್ಲಿ ಸುಮಾರು 8 ಲಕ್ಷ ಪದಗಳಿವೆ ಎಂದು ಹೇಳಲಾಗುತ್ತದೆ. ಕಾದಾಟ ಇದರ ದುರ್ಬಲ ಭಾಗ, ಮಾತು ಇದರ ಬಲ.

ಫಾಲ್‌ಔಟ್‌ನಲ್ಲಿ ಪಾತ್ರವನ್ನು ರೂಪಿಸುವಾಗ ಬುದ್ಧಿಯ ಅಂಕವನ್ನು ತೀರ ಕಡಿಮೆ ಇಟ್ಟರೆ, ನಾಯಕನು ಮುಂದೆ ಸರಿಯಾಗಿ ಮಾತನಾಡಲಾರದೆ ತೊದಲುತ್ತಾನೆ. ಅದೇ ಆಟದ ಮುಖ್ಯ ಖಳನನ್ನು ಯುದ್ಧವಿಲ್ಲದೆಯೂ ಸೋಲಿಸಬಹುದು: ಅವನು ಸೃಷ್ಟಿಸಿದ ಹೊಸ ಜನಾಂಗಕ್ಕೆ ಸಂತಾನಶಕ್ತಿ ಇಲ್ಲವೆಂದು ಪುರಾವೆ ಸಹಿತ ಮನಗಾಣಿಸಿದರೆ ಸಾಕು. ವಿಜಯಪುರ, ಬಾಗಲಕೋಟೆ ಭಾಗದ ಶ್ರೀಕೃಷ್ಣ ಪಾರಿಜಾತವನ್ನು ಬಲ್ಲವರಿಗೆ ಇದರ ರುಚಿ ಬೇಗ ತಿಳಿದೀತು. ಅಲ್ಲಿ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಭಾಗವತ ಮತ್ತು ದೂತಿಯ ಮಾತಿನ ವರಸೆಗಾಗಿಯೇ ಜನ ಬೆಳಗಿನವರೆಗೆ ಕೂರುತ್ತಿದ್ದರು.

ಪುನರುಜ್ಜೀವನ

2001ರ ನಂತರ ಮೂರು ಆಯಾಮದ ಆಟಗಳ ಎದುರು ಈ ಪ್ರಕಾರ ಹಿಂದೆ ಸರಿಯಿತು. ಪಿಲ್ಲರ್ಸ್ ಆಫ್ ಇಟರ್ನಿಟಿ (2015) ಆಟವು ಅಭಿಮಾನಿಗಳ ವಂತಿಗೆಯ ನೆರವಿನಿಂದ ತಯಾರಾಯಿತು. ಡಿಸ್ಕೊ ಎಲಿಸಿಯಮ್ (2019) ಕಾದಾಟದ ವ್ಯವಸ್ಥೆಯನ್ನೇ ಕೈಬಿಟ್ಟಿತು. ಬಾಲ್ಡರ್ಸ್ ಗೇಟ್‌ನ ಪರಿಷ್ಕೃತ ಆವೃತ್ತಿಯು 2012ರಲ್ಲಿ ಬಂದು, ಮುಂದೆ ಮೊಬೈಲ್ ಫೋನ್‌ಗಳಲ್ಲಿಯೂ ಲಭ್ಯವಾಯಿತು.

ಕನ್ನಡದ ಪ್ರಶ್ನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ವಿದ್ಯಾರ್ಥಿಯ ಕೈಯಲ್ಲಿ ಇಂದು ಇವುಗಳನ್ನು ಆಡಿಸಬಲ್ಲ ಫೋನ್ ಇರಬಹುದು. ಆದರೆ ಮೇಲೆ ಹೆಸರಿಸಿದ ಯಾವ ಆಟವೂ ಅಧಿಕೃತವಾಗಿ ಕನ್ನಡದಲ್ಲಿಲ್ಲ. ಓಟದ ಅಥವಾ ಗುಂಡು ಹಾರಿಸುವ ಆಟಕ್ಕೆ ಭಾಷೆ ಅಷ್ಟಾಗಿ ಬೇಕಾಗದು. ಇಲ್ಲಿ ಭಾಷೆ ತಿಳಿಯದಿದ್ದರೆ ಆಟವೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಬಾಲಕನಿಗೆ ಉಳಿಯುವುದು ಕಾದಾಟ ಮಾತ್ರ, ಅಂದರೆ ಅವುಗಳ ಸಪ್ಪೆ ಭಾಗ.

ಅನುವಾದವು ಅಸಾಧ್ಯವಲ್ಲ. ಬಾಲ್ಡರ್ಸ್ ಗೇಟ್ ಮತ್ತು ಟಾರ್ಮೆಂಟ್‌ಗಳ ಆಧಾರವಾದ ಇನ್ಫಿನಿಟಿ ಎಂಜಿನ್‌ನಲ್ಲಿ ಸಂಭಾಷಣೆಗಳೆಲ್ಲ ಡೈಲಾಗ್.ಟಿಎಲ್‌ಕೆ ಎಂಬ ಪ್ರತ್ಯೇಕ ಕಡತದಲ್ಲಿದ್ದು, ಪ್ರತಿಯೊಂದು ಮಾತಿಗೂ ಒಂದು ಸಂಖ್ಯೆ ಇರುತ್ತದೆ. ಆ ಕಡತವನ್ನು ಬದಲಿಸಿದರೆ ಆಟದ ಭಾಷೆ ಬದಲಾಗುತ್ತದೆ. ಸ್ವಯಂಸೇವಕರು ಹಲವು ಭಾಷೆಗಳಿಗೆ ಹೀಗೆಯೇ ಅನುವಾದ ಮಾಡಿದ್ದಾರೆ. ಕನ್ನಡಕ್ಕೆ ಇನ್ನೊಂದು ತೊಡಕಿದೆ: ಮೂಲ ಆವೃತ್ತಿಯಲ್ಲಿ ಅಕ್ಷರಗಳು ಪುಟ್ಟ ಚಿತ್ರಗಳಾಗಿದ್ದು ಒಂದರ ಪಕ್ಕ ಒಂದು ಕೂರುತ್ತವೆ. ಗುಣಿತಾಕ್ಷರ, ಒತ್ತಕ್ಷರಗಳನ್ನು ಕೂಡಿಸುವ ಏರ್ಪಾಡು ಅದರಲ್ಲಿಲ್ಲ. ಆದುದರಿಂದ ಅನುವಾದಕನ ಜೊತೆಗೆ ಲಿಪಿಯನ್ನು ಬಲ್ಲ ತಂತ್ರಜ್ಞನೂ ಬೇಕಾಗುತ್ತಾನೆ.