ಛಾವಣಿಯ ಕೆಳಗಿನ ನೀರು

ಗೋವಾದ ಗ್ರಾಂಡೆ ದ್ವೀಪದ ಬಳಿಯಾಗಲಿ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ಸ್ಕೂಬಾ ಡೈವಿಂಗ್ ಕಲಿತವರಿಗೆ ಒಂದು ಭರವಸೆ ಇದ್ದೇ ಇರುತ್ತದೆ. ಏನೇ ಎಡವಟ್ಟಾದರೂ ಮೇಲಕ್ಕೆ ಹೋದರೆ ಉಸಿರಾಡಬಹುದು. ಗೋವಾದ ಡೈವಿಂಗ್ ಪರಂಪರೆಯೆಲ್ಲ ತೆರೆದ ಕಡಲಿನದು. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಸೇಂಟ್ ಜಾರ್ಜ್ ರೀಫಿನ ಬಳಿ ಮುಳುಗಿ, ಮಂಗಳೂರಿನ ಬಾಸೆಲ್ ಮಿಶನ್ ಹೆಂಚುಗಳನ್ನು ಹೊತ್ತಿದ್ದ ಹಡಗಿನ ಅವಶೇಷಗಳನ್ನು ಅಧ್ಯಯನ ಮಾಡಿದ್ದೂ ಕಡಲಿನಲ್ಲೇ.

ಸಿಹಿನೀರಿನ ಆಳವಾದ ಗುಹೆಗಳು ಗೋವಾದಲ್ಲಿ ಇಲ್ಲದಿರುವುದಕ್ಕೆ ಕಾರಣ ಅಲ್ಲಿನ ಕಲ್ಲು. ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಸ್ವಲ್ಪ ಆಮ್ಲೀಯವಾಗಿದ್ದು ಸುಣ್ಣಕಲ್ಲನ್ನು ಸಾವಿರಾರು ವರ್ಷ ಕರಗಿಸುತ್ತದೆ. ಮೆಕ್ಸಿಕೋದ ಯುಕಟಾನ್ ಮತ್ತು ಅಮೆರಿಕದ ಫ್ಲಾರಿಡಾದಲ್ಲಿ ಹಾಗೆ ಉಂಟಾದ ನೀರುಗುಹೆಗಳಿವೆ. ಗೋವಾದ ಮುರಕಲ್ಲು ಹಾಗೆ ಕರಗುವುದಿಲ್ಲ. ಹೀಗಾಗಿ ಕಡಲಿನಲ್ಲಿ ಕಲಿತವರು ಅಂಥ ಗುಹೆಗಳಿಗೆ ದೂರದೂರಿಗೇ ಹೋಗಬೇಕು. ಅಲ್ಲಿ ಅವರ ಕಡಲಿನ ಸರ್ಟಿಫಿಕೇಟ್ ಸಾಲದು. ಮೇಲಕ್ಕೆ ಹೋದರೆ ತಲೆಗೆ ತಾಗುವುದು ಬಂಡೆ. ಹೊರಬರಲು ಇರುವ ದಾರಿ ಒಳಹೋದ ದಾರಿಯೊಂದೇ.

ಆ ಕಾರಣಕ್ಕೇ ಇಲ್ಲಿ ಲೆಕ್ಕ ಮೊದಲು, ಮುಳುಗುವುದು ಆಮೇಲೆ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 2,400 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ನೀರಿನ ಮೇಲೆ ಅದು 120 ನಿಮಿಷ ಬರುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ಸುಮಾರು ನಾಲ್ಕು ಪಟ್ಟು. ಅಲ್ಲಿ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. 120 ನಿಮಿಷದ ಗಾಳಿ 30 ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟನ್ನೂ ಬಳಸುವಂತಿಲ್ಲ. ಮೂರನೇ ಒಂದು ಪಾಲು ಒಳಹೋಗಲು, ಇನ್ನೊಂದು ಪಾಲು ಮರಳಲು, ಉಳಿದದ್ದು ಆಪತ್ತಿಗೆ. ಜೊತೆಗಾರನ ಗಾಳಿ ಕೈಕೊಟ್ಟರೆ ಇಬ್ಬರೂ ಹೊರಬರಲು ಬೇಕಾಗುವುದು ಈ ಮೂರನೆಯ ಪಾಲೇ. ಅಂದರೆ ಆ ಆಳದಲ್ಲಿ ಒಳಹೋಗಲು ಸಿಗುವುದು ಬರೀ 10 ನಿಮಿಷ.

ಸಿಹಿನೀರಿಗೆ ಬೇರೆ ಲೆಕ್ಕವೂ ಇದೆ. ಅದು ಕಡಲನೀರಿಗಿಂತ ಸುಮಾರು ಶೇ. 2.5ರಷ್ಟು ಹಗುರ. ಸಲಕರಣೆ ಸೇರಿ 100 ಲೀಟರ್ ನೀರನ್ನು ಸರಿಸುವ ಡೈವರನ್ನು ಸಿಹಿನೀರು ಸುಮಾರು ಎರಡೂವರೆ ಕಿಲೋದಷ್ಟು ಕಡಿಮೆ ಎತ್ತಿ ಹಿಡಿಯುತ್ತದೆ. ಗ್ರಾಂಡೆಯಲ್ಲಿ ಸೊಂಟಕ್ಕೆ ಕಟ್ಟಿದ್ದಷ್ಟೇ ಸೀಸವನ್ನು ಇಲ್ಲಿಯೂ ಕಟ್ಟಿಕೊಂಡರೆ ಕಾಲು ಕೆಳಗೆ ಜಗ್ಗುತ್ತದೆ, ಫಿನ್ ತಳಕ್ಕೆ ಬಡಿಯುತ್ತದೆ, ಹೂಳು ಏಳುತ್ತದೆ. ಕಡಲಿನಲ್ಲಾದರೆ ಸೆಳೆತ ಅದನ್ನು ಒಯ್ಯಬಹುದು. ಗುಹೆಯ ನಿಂತ ನೀರಿನಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಕೈ ಮುಂದೆ ಹಿಡಿದರೆ ಕೈಯೇ ಕಾಣದು. ಆಗ ದಾರಿ ತೋರುವುದು ಹೊರಗಿನ ತೆರೆದ ನೀರಿನಿಂದಲೇ ಕಟ್ಟಿಕೊಂಡು ಬಂದ ಹಗ್ಗ ಮಾತ್ರ. ಅದನ್ನು ಬೆರಳಿನ ನಡುವೆ ಹಿಡಿದು, ಕಣ್ಣಿಲ್ಲದೆ ಹೊರಬರುವುದನ್ನು ಕಲಿತವರಷ್ಟೇ ಒಳಹೋಗಬೇಕು.

ಅಮೆರಿಕದ ಶೆಕ್ ಎಕ್ಸ್ಲಿ ಗುಹೆ ಡೈವಿಂಗಿನ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, 1979ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕಡಿಯದ ಹಗ್ಗ, ಗಾಳಿಯ ಮೂರು ಪಾಲು, ಆಳದ ಮಿತಿ: ಇವುಗಳನ್ನು ಮೀರಿದ್ದೇ ಸಾವುಗಳ ಹಿಂದಿನ ಮುಖ್ಯ ಕಾರಣ ಎಂದು ಅವರು ಕಂಡರು. ಮುಂದೆ ತರಬೇತಿ ಮತ್ತು ಪ್ರತಿಯೊಬ್ಬರಿಗೂ ಕನಿಷ್ಠ ಮೂರು ದೀಪಗಳು ಎಂಬ ನಿಯಮಗಳೂ ಸೇರಿದವು. 1994ರಲ್ಲಿ, ಮೆಕ್ಸಿಕೋದ ಸಕಟೋನ್ ಎಂಬ 300 ಮೀಟರಿಗೂ ಮಿಗಿಲಾದ ಆಳದ ನೀರುಕುಳಿಯ ತಳ ಮುಟ್ಟಲು ಇಳಿದ ಎಕ್ಸ್ಲಿ ಜೀವಂತವಾಗಿ ಮರಳಲಿಲ್ಲ. ಅಷ್ಟು ಆಳದ ಒತ್ತಡದ ಮುಂದೆ ಅನುಭವ ರಕ್ಷೆಯಾಗದು. 30 ಮೀಟರ್ ದಾಟುತ್ತಿದ್ದಂತೆಯೇ ಗಾಳಿಯಲ್ಲಿನ ಸಾರಜನಕ ಅಮಲೇರಿಸಿ ವಿವೇಚನೆ ಮಂಕಾಗಿಸತೊಡಗುತ್ತದೆ. ಹೊಸಬರಿಗೆ ತಕ್ಕುದು ಹೊರಗಿನ ಹಗಲು ಬೆಳಕು ಕಾಣುವ ಗುಹೆಬಾಯಿಯ ಭಾಗವಷ್ಟೇ. ಅಲ್ಲಿಯೂ ಆಳ ಮತ್ತು ಒಳದೂರ ಎರಡೂ ಸೇರಿ 40 ಮೀಟರ್ ದಾಟಬಾರದೆಂದು ಹಲವು ತರಬೇತಿಗಳು ಹೇಳುತ್ತವೆ.

ಗೋವಾದಲ್ಲೂ ಆಳದ ಸಿಹಿನೀರಿದೆ, ಗಣಿ ಹೊಂಡಗಳಲ್ಲಿ. ಬಿಚೋಲಿ, ಸತ್ತರಿ, ಸಾಂಗೆ ಕಡೆ ಕಬ್ಬಿಣದ ಅದಿರಿಗಾಗಿ ಅಂತರ್ಜಲ ಮಟ್ಟಕ್ಕಿಂತಲೂ ಕೆಳಗೆ ತೋಡಿದ ಗಣಿಗಳು 2012ರಲ್ಲಿ, ಮತ್ತೆ 2018ರಲ್ಲಿ ಕೆಲಸ ನಿಂತಾಗ ನೀರು ತುಂಬಿಕೊಂಡವು. ಅವುಗಳಿಗೆ ಛಾವಣಿಯಿಲ್ಲ, ಆದರೂ ಕಡಿದಾದ ಸಡಿಲ ಅಂಚು ಮತ್ತು ತಳದ ಕೆಂಪು ಹೂಳು ಗುಹೆಯಷ್ಟೇ ಅಪಾಯಕಾರಿ. ಬಣ್ಣಕ್ಕೆ ಮರುಳಾಗಿ ಅಲ್ಲಿ ಇಳಿಯಲೇಬಾರದು. ಬೇಲಿ ಮತ್ತು ಎಚ್ಚರಿಕೆ ಫಲಕ ಪ್ರತಿ ಹೊಂಡಕ್ಕೂ ಬೇಕು. ಅಲ್ಲಿ ಬಿದ್ದವರನ್ನು ಹುಡುಕಲು ಇಳಿಯುವ ಸಿಬ್ಬಂದಿಗೂ ಹಗ್ಗ ಹಿಡಿದು ಕುರುಡು ನೀರಿನಲ್ಲಿ ಚಲಿಸುವ ತರಬೇತಿ ಸಿಗಬೇಕು.

ಡೈವಿಂಗಿನ ಸಂಜ್ಞೆಯಲ್ಲಿ ಹೆಬ್ಬೆರಳು ಎತ್ತಿದರೆ "ಸಾಕು, ಹೊರಡೋಣ" ಎಂದರ್ಥ. ಗುಹೆಯಲ್ಲಿ ತಂಡದ ಯಾರು ಅದನ್ನು ತೋರಿದರೂ, ಹೊಸಬನೇ ಆಗಿರಲಿ, ಕಾರಣ ಕೇಳದೆ ಎಲ್ಲರೂ ತಿರುಗುತ್ತಾರೆ. ಗೋವಾದಲ್ಲಿ ಕಲಿತು ಗುಹೆಗೆ ಹೊರಡುವವರು ಮುಂಗಡ ಹಣ ಕೊಡುವ ಮೊದಲೇ ತಂಡದವರನ್ನು ಕೇಳಬೇಕು: ನೀವು ಈ ನಿಯಮ ಪಾಲಿಸುತ್ತೀರಾ, ಗಾಳಿಯನ್ನು ಮೂರು ಪಾಲು ಮಾಡುತ್ತೀರಾ, ಹಗ್ಗ ಎಲ್ಲಿಂದ ಕಟ್ಟುತ್ತೀರಿ? ಸ್ಪಷ್ಟ ಉತ್ತರ ಸಿಗದಿದ್ದರೆ ಆ ತಂಡದೊಡನೆ ನೀರಿಗೆ ಇಳಿಯಬಾರದು.